ಅಂಗಳದ ಕ್ಯಾರವಾನ್, ಪಕ್ಕದ ಮನೆಯ ಕಿಟಕಿ

ಇಂಗ್ಲೆಂಡಿನಲ್ಲಿ ಮನೆಯ ಮುಂದೆ, ರಸ್ತೆಗೆ ತಾಗಿದ ಕಡೆ, ಒಂದು ಮೀಟರಿಗಿಂತ ಎತ್ತರದ ಬೇಲಿ ಹಾಕಿಸಬೇಕಾದರೆ ಕೌನ್ಸಿಲ್ಲಿನ ಯೋಜನಾ ಅನುಮತಿ ಬೇಕು. ಬೇರೆ ಕಡೆಗಳಲ್ಲಿ ಎರಡು ಮೀಟರಿನವರೆಗೆ ಅನುಮತಿ ಇಲ್ಲದೆ ಹಾಕಬಹುದು. ಹಿತ್ತಲಲ್ಲಿ ಸಾಮಾನು ಇಡುವ ಮರದ ಕೊಠಡಿಯೊಂದನ್ನು ಕಟ್ಟಿದರೆ, ಅದು ಪಕ್ಕದವರ ಗಡಿಯಿಂದ ಎರಡು ಮೀಟರಿನ ಒಳಗಿದ್ದರೆ, ಅದರ ಎತ್ತರ 2.5 ಮೀಟರ್ ದಾಟಬಾರದು. ಮನೆಯ ಮುಂಗೋಡೆಗಿಂತ ಮುಂದಕ್ಕಂತೂ ಅದನ್ನು ಅನುಮತಿ ಇಲ್ಲದೆ ಕಟ್ಟುವ ಹಾಗೇ ಇಲ್ಲ. ಆದರೆ ಅದೇ ಅಂಗಳದಲ್ಲಿ 7 ಮೀಟರ್ ಉದ್ದದ, 2.6 ಮೀಟರ್ ಎತ್ತರದ ಬಿಳಿ ಕ್ಯಾರವಾನ್ ಒಂದನ್ನು, ಅಂದರೆ ಕಾರು ಎಳೆಯುವ ಗಾಲಿಮನೆಯನ್ನು, ತಂದು ಪಕ್ಕದ ಮನೆಯ ಕಿಟಕಿಯ ನೇರಕ್ಕೆ ನಿಲ್ಲಿಸಿ, ವರ್ಷದ ಹತ್ತು ತಿಂಗಳು ಅಲ್ಲೇ ಬಿಟ್ಟರೂ ಯಾರ ಅನುಮತಿಯೂ ಬೇಕಿಲ್ಲ. ಬೇಲಿ, ಕೊಠಡಿ, ಕ್ಯಾರವಾನ್ ಮೂರೂ ಪಕ್ಕದವರ ಕಣ್ಣಿಗೆ ಗೋಡೆಗಳೇ. ಕಾನೂನಿಗೆ ಮೊದಲಿನ ಎರಡು ಕಟ್ಟಡ, ಮೂರನೆಯದು ಸಾಮಾನು.

ಬ್ರಿಟನ್ನಿನ ನೆರೆಹೊರೆ ಜಗಳಗಳಲ್ಲಿ ಕ್ಯಾರವಾನಿನದು ಹಳೆಯ ತಕರಾರು. ಉದ್ಯಮದವರ ಅಂದಾಜಿನಂತೆ ಆ ದೇಶದಲ್ಲಿ ಕಾರಿಗೆ ಕಟ್ಟಿ ಎಳೆದೊಯ್ಯುವ ಕ್ಯಾರವಾನುಗಳೇ ಐದು ಲಕ್ಷಕ್ಕೂ ಹೆಚ್ಚಿವೆ. ಅವುಗಳಲ್ಲಿ ಬಹಳಷ್ಟು ವರ್ಷದ ಕೆಲವೇ ವಾರ ಓಡಾಡುತ್ತವೆ. ಉಳಿದ ಕಾಲ ಎಲ್ಲೋ ನಿಂತಿರಬೇಕು. ಆ ‘ಎಲ್ಲೋ’ ಅನ್ನುವುದು ಮನೆಯಂಗಳವಾದಾಗ ಪಕ್ಕದ ಮನೆಯವರಿಗೆ ಏನಾಗುತ್ತದೆ, ಅವರ ಆಸ್ತಿಯ ಬೆಲೆ ನಿಜವಾಗಿ ಇಳಿಯುತ್ತದೆಯೆ, ಕಾನೂನು ಯಾರ ಕಡೆಗಿದೆ, ಇರಬೇಕಾದದ್ದು ಯಾರ ಕಡೆಗೆ ಎನ್ನುವುದನ್ನು ಇಲ್ಲಿ ನೋಡೋಣ. ನಾನು ಹೇಳುವ ಕಾನೂನು ಮುಖ್ಯವಾಗಿ ಇಂಗ್ಲೆಂಡಿನದು. ವೇಲ್ಸಿನದು ಬಹುಮಟ್ಟಿಗೆ ಇದರಂತೆಯೇ ಇದ್ದರೂ ಅಲ್ಲಲ್ಲಿ ಬೇರೆ. ಸ್ಕಾಟ್ಲೆಂಡಿನ ಭೂಕಾನೂನಿನ ದಾರಿಯೇ ಬೇರೆ.

ವಿಹಾರಕ್ಕೆಂದೇ ಕ್ಯಾರವಾನ್ ಮಾಡಿಸಿದ ಮೊದಲಿಗರಲ್ಲಿ ನೌಕಾಪಡೆಯ ನಿವೃತ್ತ ವೈದ್ಯ ಗಾರ್ಡನ್ ಸ್ಟೇಬಲ್ಸ್ ಒಬ್ಬ. 1885ರಲ್ಲಿ ಬ್ರಿಸ್ಟಲ್ಲಿನ ಗಾಡಿ ಕಾರ್ಖಾನೆಯೊಂದರಲ್ಲಿ ಅವನು ‘ವಾಂಡರರ್’ ಎಂಬ ಕುದುರೆಗಾಡಿಯನ್ನು ಕಟ್ಟಿಸಿದ. ಉಳ್ಳವರ ಹವ್ಯಾಸವಾಗಿದ್ದ ಇದಕ್ಕೆ 1907ರಲ್ಲಿ ಕ್ಯಾರವಾನ್ ಕ್ಲಬ್ ಹುಟ್ಟಿತು. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ಹೊತ್ತಿಗೆ, ಎಕ್ಲೆಸ್ ಕಂಪನಿ ಮೋಟಾರಿಗೆ ಕಟ್ಟುವ ಕ್ಯಾರವಾನುಗಳನ್ನು ಮಾರಾಟಕ್ಕೆ ಮಾಡತೊಡಗಿತು. ಎರಡನೆಯ ಯುದ್ಧದ ನಂತರ ಎರಡು ಸಂಗತಿಗಳು ಒಟ್ಟಿಗೆ ನಡೆದವು. ಅಗ್ಗದ ಕ್ಯಾರವಾನುಗಳು ದುಡಿಯುವ ಕುಟುಂಬಗಳ ಕೈಗೆ ಬಂದವು. ಇನ್ನೊಂದು ಕಡೆ, ಬಾಂಬಿಗೆ ಮನೆ ಕಳೆದುಕೊಂಡ, ಬಾಡಿಗೆಗೂ ಮನೆ ಸಿಗದ ಜನ ಕ್ಯಾರವಾನುಗಳಲ್ಲೇ ಸಂಸಾರ ಹೂಡಿದರು. ನೀರು, ಚರಂಡಿ ಯಾವುದೂ ಇಲ್ಲದ ಹೊಲಗಳಲ್ಲಿ ಸಾಲುಸಾಲಾಗಿ ಅವು ನಿಂತವು. ಸರ್ಕಾರ ಸರ್ ಆರ್ಟನ್ ವಿಲ್ಸನ್ ಅವರಿಂದ ವರದಿ ತರಿಸಿತು. 1959ರ ಆ ವರದಿಯ ಬೆನ್ನಿಗೇ 1960ರ ಕ್ಯಾರವಾನ್ ನಿವೇಶನಗಳ ಕಾಯ್ದೆ ಬಂತು. ಇಂದಿಗೂ ಈ ವಿಷಯದ ಬೇರು ಅಲ್ಲೇ ಇದೆ.

ಆ ಕಾಯ್ದೆಯ ಚಿಂತೆ ಹೊಲದಲ್ಲಿ ನಿಂತ ನೂರಾರು ಕ್ಯಾರವಾನುಗಳದು. ಮನೆಯಂಗಳದ ಒಂದು ಕ್ಯಾರವಾನಿನದಲ್ಲ. ಹಾಗಾಗಿ ಕ್ಯಾರವಾನ್ ನಿಲ್ಲಿಸುವ ಜಾಗಕ್ಕೆಲ್ಲ ಪರವಾನಗಿ ಬೇಕು ಎಂದು ಹೇಳಿ, ಕೊನೆಯಲ್ಲಿ ಅನುಬಂಧದೊಳಗೆ ಒಂದು ವಿನಾಯಿತಿ ಇಟ್ಟಿತು: ವಾಸದ ಮನೆಯ ಆವರಣದೊಳಗೆ, ಆ ಮನೆಯ ವಾಸಕ್ಕೆ ಪೂರಕವಾಗಿ ಕ್ಯಾರವಾನ್ ಇಟ್ಟುಕೊಂಡರೆ ಪರವಾನಗಿ ಬೇಡ. ಇಂದು ಜಾರಿಯಲ್ಲಿರುವ 1990ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 55ನೆಯ ಸೆಕ್ಷನ್ನಿನಲ್ಲೂ ಇದೇ ಮಾತಿದೆ. ಮನೆಯ ಆವರಣವನ್ನು ಮನೆವಾಸಕ್ಕೆ ಪೂರಕವಾಗಿ ಬಳಸಿದರೆ ಅದು ‘ಅಭಿವೃದ್ಧಿ’ ಅಲ್ಲ, ಅಭಿವೃದ್ಧಿ ಅಲ್ಲದ್ದಕ್ಕೆ ಅನುಮತಿಯ ಪ್ರಶ್ನೆ ಏಳುವುದಿಲ್ಲ. ನಿಮ್ಮದು ಸಂರಕ್ಷಿತ ಪ್ರದೇಶದ ಹಳೆಯ ಕಲ್ಲಿನ ಮನೆಗಳ ಬೀದಿಯಾಗಿದ್ದರೂ ಅಷ್ಟೆ. ಕಿಟಕಿಯ ಚೌಕಟ್ಟು ಬದಲಿಸಲು ಹತ್ತು ಪ್ರಶ್ನೆ ಕೇಳುವ ಅಧಿಕಾರಿ, ಆ ಕಿಟಕಿಯ ಮುಂದೆ ನಿಂತ ಕ್ಯಾರವಾನಿನ ಬಗ್ಗೆ ಏನನ್ನೂ ಕೇಳಲಾರ.

ಇನ್ನು ಕಾನೂನಿನ ಕಣ್ಣಿಗೆ ಕ್ಯಾರವಾನ್ ಎಂದರೆ ಎಷ್ಟು ದೊಡ್ಡದು? ರಸ್ತೆಯ ಮೇಲೆ ಕಾರು ಎಳೆಯುವ ಕ್ಯಾರವಾನಿನ ಮೈಯುದ್ದ 7 ಮೀಟರ್, ಅಗಲ 2.55 ಮೀಟರ್ ದಾಟುವಂತಿಲ್ಲ. ಆದರೆ ಯೋಜನಾ ಕಾನೂನಿನ ಕ್ಯಾರವಾನಿನ ಅಳತೆ ಬೇರೆ. 1968ರ ಇನ್ನೊಂದು ಕ್ಯಾರವಾನ್ ಕಾಯ್ದೆಗೆ 2006ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ 20 ಮೀಟರ್ ಉದ್ದ, 6.8 ಮೀಟರ್ ಅಗಲ, ಒಳಗಡೆ 3.05 ಮೀಟರ್ ಎತ್ತರದವರೆಗೆ, ಎರಡು ತುಂಡುಗಳಾಗಿ ತಂದು ಸ್ಥಳದಲ್ಲೇ ಜೋಡಿಸಿದ್ದೂ ಕ್ಯಾರವಾನೇ. ಅದಕ್ಕೆ ಮರದ ಹಲಗೆ ಹೊದಿಸಿ, ಹೆಂಚಿನಂಥ ಮಾಡು ಹಾಕಿ, ಒಳಗೆ ಎರಡು ಮಲಗುವ ಕೋಣೆ, ಅಡುಗೆಮನೆ, ಬಚ್ಚಲು ಎಲ್ಲವನ್ನೂ ಮಾಡಿಕೊಡುವ ಕಂಪನಿಗಳು ಅಲ್ಲಿ ಬೇಕಾದಷ್ಟಿವೆ. ಅಜ್ಜಿಗೋ ವಯಸ್ಸಾದ ಅಪ್ಪನಿಗೋ ಹಿತ್ತಲಲ್ಲಿ ಮನೆ ಮಾಡಿಕೊಡಲು ಯೋಜನಾ ಅನುಮತಿಗೆ ಅಲೆಯುವುದರ ಬದಲು ಜನ ಈ ದಾರಿ ಹಿಡಿಯುತ್ತಾರೆ. ವಯಸ್ಸಾದವರು ತಮ್ಮವರ ಪಕ್ಕದಲ್ಲೇ ಇರಲಿ ಎಂಬ ಉದ್ದೇಶ ಒಳ್ಳೆಯದೇ, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಬೇಲಿಯಾಚೆಯ ಮನೆಯವರು ಒಂದು ಬೆಳಗ್ಗೆ ಎದ್ದು ನೋಡಿದರೆ ಹೂದೋಟವಿದ್ದಲ್ಲಿ ಒಂದು ಮನೆ ಕುಳಿತಿರುತ್ತದೆ. ಅವರಿಗೆ ಒಂದು ನೋಟಿಸಾದರೂ ಬಂದಿರುವುದಿಲ್ಲ, ಆಕ್ಷೇಪಣೆ ಬರೆಯಲು ಅವಕಾಶವೂ ಸಿಕ್ಕಿರುವುದಿಲ್ಲ.

‘ಪೂರಕ’ ಎಂಬ ಮಾತಿನ ಗಡಿ ಎಲ್ಲಿಗೆ ನಿಲ್ಲುತ್ತದೆ ಎನ್ನುವುದನ್ನು ಅಧಿಕಾರಿಗಳು ದಿನನಿತ್ಯದ ಬದುಕಿನಿಂದ ಅಳೆಯುತ್ತಾರೆ. ಪಕ್ಕದವರು ದೂರು ಕೊಟ್ಟಾಗ ಕೌನ್ಸಿಲ್ಲಿನ ಜಾರಿ ವಿಭಾಗದವರು ಬಂದು ನೋಡುವುದು ಕ್ಯಾರವಾನ್ ಎಷ್ಟು ಚಂದವಿದೆ ಎಂದಲ್ಲ. ಒಳಗೆ ಯಾರು ಮಲಗುತ್ತಾರೆ, ಅವರು ಊಟಕ್ಕೆ ಮನೆಯೊಳಗೆ ಬರುತ್ತಾರೆಯೆ, ವಿದ್ಯುತ್ ಮೀಟರ್ ಬೇರೆಯೆ, ಅಂಚೆಯ ವಿಳಾಸ ಬೇರೆಯೆ, ಬಾಡಿಗೆ ಬರುತ್ತಿದೆಯೆ ಎಂದು ನೋಡುತ್ತಾರೆ. ಸಾಮಾನು ಇಟ್ಟಿದ್ದರೆ, ಮಗ ಓದಲು ಕೂರುತ್ತಿದ್ದರೆ, ಬಂದ ನೆಂಟರು ನಾಲ್ಕು ರಾತ್ರಿ ಮಲಗಿದರೆ ಪೂರಕ. ಮನೆಯ ಮೇಲೆ ಅವಲಂಬಿತರಾದ ಹಿರಿಯರು ಅದರಲ್ಲಿ ಮಲಗಿ, ಹಗಲು ಮುಖ್ಯ ಮನೆಯವರೊಂದಿಗೇ ಬದುಕಿದರೂ ಸಾಮಾನ್ಯವಾಗಿ ಪೂರಕವೆ. ಸಂಬಂಧವೇ ಇಲ್ಲದವರಿಗೆ ಬಾಡಿಗೆಗೆ ಕೊಟ್ಟ ಕ್ಷಣ ಅದು ಬೇರೆ ಮನೆ. ಆಗ ಯೋಜನಾ ಅನುಮತಿಯೂ ಬೇಕು, ಪರವಾನಗಿಯೂ ಬೇಕು. ಇಂಥ ಉಲ್ಲಂಘನೆಯ ಮೇಲೆ ಕೌನ್ಸಿಲ್ ಹತ್ತು ವರ್ಷದೊಳಗೆ ಕ್ರಮ ಕೈಗೊಳ್ಳಬೇಕು. ಕೆಲವು ಬಗೆಯ ಉಲ್ಲಂಘನೆಗಳಿಗೆ ನಾಲ್ಕೇ ವರ್ಷದ ಗಡುವಿತ್ತು. 2024ರ ಏಪ್ರಿಲ್ 25ರಿಂದ ಇಂಗ್ಲೆಂಡಿನಲ್ಲಿ ಎಲ್ಲಕ್ಕೂ ಹತ್ತು ವರ್ಷವಾಗಿದೆ. ಯಾರ ಕಣ್ಣಿಗೂ ಬೀಳದೆ ನಾಲ್ಕು ವರ್ಷ ದೂಡಿದರೆ ಗೆದ್ದಂತೆ ಎಂಬ ಲೆಕ್ಕಾಚಾರ ಇದರಿಂದ ತಪ್ಪಿತು. ಇದು ಒಳ್ಳೆಯ ಬದಲಾವಣೆ.

ಆದರೆ ಹೆಚ್ಚಿನ ಜಗಳಗಳು ವಾಸದ ಕ್ಯಾರವಾನಿನವಲ್ಲ. ಸುಮ್ಮನೆ ನಿಂತ ಕ್ಯಾರವಾನಿನವು. ಅಲ್ಲಿ ಪಕ್ಕದವರ ಮೊದಲ ಮಾತು ಒಂದೇ: ನಮ್ಮ ಮನೆಯ ಬೆಲೆ ಬಿದ್ದುಹೋಗುತ್ತದೆ.

ಈ ಮಾತನ್ನು ಸ್ವಲ್ಪ ನಿಂತು ಪರೀಕ್ಷಿಸಬೇಕು. ಇಂಗ್ಲಿಷ್ ಕಾನೂನು ಆಸ್ತಿಯ ಬೆಲೆಯನ್ನು ಅಷ್ಟು ಸುಲಭವಾಗಿ ಕಾಯುವುದಿಲ್ಲ. ಪಕ್ಕದ ಆಸ್ತಿಯ ಬೆಲೆ ಇಳಿಯುತ್ತದೆ ಎನ್ನುವುದು ಖಾಸಗಿ ಹಿತಾಸಕ್ತಿ, ಅದನ್ನು ಯೋಜನಾ ನಿರ್ಧಾರದಲ್ಲಿ ಪರಿಗಣಿಸುವಂತಿಲ್ಲ ಎನ್ನುವುದು ಸರ್ಕಾರದ ಮಾರ್ಗಸೂಚಿಯ ನಿಲುವು. ನ್ಯಾಯಾಲಯಗಳ ನಿಲುವೂ ಹೆಚ್ಚುಕಡಿಮೆ ಅದೇ. 2018ರಲ್ಲಿ ನೆಟ್‌ವರ್ಕ್ ರೈಲ್ ಸಂಸ್ಥೆಯ ಜಮೀನಿನಿಂದ ಪಕ್ಕದ ಮನೆಗಳತ್ತ ಹಬ್ಬಿದ ಜಪಾನೀಸ್ ನಾಟ್‌ವೀಡ್ ಎಂಬ ಕಳೆಯ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ಬಿಡಿಸಿ ಹೇಳಿತು. ಮನೆಯವರಿಗೆ ಪರಿಹಾರ ಸಿಕ್ಕಿತು ನಿಜ, ಆದರೆ ಬೆಲೆ ಇಳಿದದ್ದಕ್ಕಲ್ಲ. ಆ ಕಳೆ ತಮ್ಮ ಜಾಗವನ್ನು ನೆಮ್ಮದಿಯಾಗಿ ಬಳಸುವ ಅವರ ಹಕ್ಕಿಗೆ ಅಡ್ಡಬಂದದ್ದಕ್ಕೆ. ಬರೀ ಬೆಲೆಯ ಇಳಿಕೆಯನ್ನು ನ್ಯೂಸೆನ್ಸ್, ಅಂದರೆ ದಾವೆ ಹೂಡಬಹುದಾದ ಉಪದ್ರವ, ಎನ್ನಲಾಗದು ಎಂದು ನ್ಯಾಯಾಧೀಶರು ಹೇಳಿದರು.

ಕಾನೂನನ್ನು ಬದಿಗಿಟ್ಟು ಮಾರುಕಟ್ಟೆಯ ಕಡೆಯಿಂದ ನೋಡಿದರೂ ಕ್ಯಾರವಾನಿನ ಮೇಲೆ ಬೆಲೆಯ ಆರೋಪ ಹೊರಿಸುವುದು ಕಷ್ಟ. ಮನೆಯ ಬೆಲೆ ಕಟ್ಟುವವರು ನೋಡುವುದು ಜಾಗ, ಶಾಲೆ, ರೈಲು ನಿಲ್ದಾಣ, ಕೋಣೆಗಳ ಸಂಖ್ಯೆ, ಕಟ್ಟಡದ ಸ್ಥಿತಿಯನ್ನು. ಪಕ್ಕದಲ್ಲಿ ರಾಸಾಯನಿಕ ಕಾರ್ಖಾನೆಯಿದ್ದರೆ ಅದು ನಾಳೆಯೂ ಇರುತ್ತದೆ. ಕ್ಯಾರವಾನಿಗೆ ಚಕ್ರವಿದೆ. ಇವತ್ತು ಇದ್ದದ್ದು ಮುಂದಿನ ವರ್ಷ ಮಾರಿಹೋಗಬಹುದು, ಆ ಮನೆಯವರೇ ಊರು ಬಿಡಬಹುದು. ಇಂಥದ್ದರ ಮೇಲೆ ಶಾಶ್ವತ ಬೆಲೆಯಿಳಿಕೆಯ ಲೆಕ್ಕ ಕಟ್ಟಲಾಗುವುದಿಲ್ಲ. ಅದು ಮಾಡುವ ಕೆಡುಕು ಬೇರೆ ಥರದ್ದು. ಮನೆ ನೋಡಲು ಬಂದವರು ಮಲಗುವ ಕೋಣೆಯ ಪರದೆ ಸರಿಸಿದಾಗ ಕಾಣುವುದು ಪಾಚಿ ಹಿಡಿದ ಫೈಬರ್‌ಗ್ಲಾಸಿನ ಬೆನ್ನು ಎಂದಾದರೆ ಅವರ ಮನಸ್ಸು ಅಲ್ಲೇ ಹಿಂದೆಗೆಯುತ್ತದೆ. ಮನೆ ಮಾರಾಟವಾಗುವುದು ತಡವಾಗುತ್ತದೆ. ಕೊಳ್ಳುವವರಿಗೆ ಚೌಕಾಸಿಗೆ ಒಂದು ನೆಪ ಸಿಗುತ್ತದೆ.

ಬೆಲೆಗೆ ನಿಜವಾದ ಏಟು ಬೀಳುವುದು ಕ್ಯಾರವಾನಿನಿಂದಲ್ಲ, ಕ್ಯಾರವಾನಿನ ಜಗಳದಿಂದ. ಇಂಗ್ಲೆಂಡಿನಲ್ಲಿ ಮನೆ ಮಾರುವವರು ‘ಟಿಎ6’ ಎಂಬ ಆಸ್ತಿ ಮಾಹಿತಿಯ ನಮೂನೆಯನ್ನು ತುಂಬುತ್ತಾರೆ. ನೆರೆಯವರೊಂದಿಗೆ ತಕರಾರು, ದೂರುಗಳೇನಾದರೂ ಇವೆಯೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಬರೆಯಬೇಕು. ಕೌನ್ಸಿಲ್ಲಿಗೆ ಒಂದು ದೂರು, ವಕೀಲರಿಂದ ಒಂದು ಪತ್ರ ಹೋಗಿದ್ದರೆ ಅದನ್ನೂ ಹೇಳಬೇಕು. ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2003ರ ಒಂದು ತೀರ್ಪಿದೆ. ಖಾಸಗಿ ದಾರಿಯ ಬಳಕೆ, ವಾಹನ ನಿಲುಗಡೆಗಳ ಜಗಳವನ್ನು ಮರೆಮಾಡಿ ಮನೆ ಮಾರಿದವರು ಕೊಂಡವರಿಗೆ 67,500 ಪೌಂಡ್ ಪರಿಹಾರ ಕೊಡಬೇಕಾಯಿತು. ಕ್ಯಾರವಾನನ್ನು ಒಂದು ದಿನದಲ್ಲಿ ಎಳೆದೊಯ್ಯಬಹುದು. ಲಿಖಿತ ಜಗಳ ಮನೆಯ ಕಡತದಲ್ಲೇ ಉಳಿಯುತ್ತದೆ. ಹಾಗಾಗಿ ಬೆಲೆ ಉಳಿಸಿಕೊಳ್ಳಲೆಂದು ದೂರು ಬರೆಯಲು ಹೊರಟವರು ಪೆನ್ನು ಎತ್ತುವ ಮೊದಲು ಇದನ್ನು ಯೋಚಿಸಬೇಕು. ಮೊದಲ ಮಾತು ಬಾಯಲ್ಲಿ ಆಡುವುದೇ ಕ್ಷೇಮ.

ಹಾಗಾದರೆ ಪಕ್ಕದವರಿಗೆ ಆಗುವ ತೊಂದರೆ ಬರೀ ಕಲ್ಪನೆಯೆ? ಅಲ್ಲವೇ ಅಲ್ಲ. ಬೆಲೆಯ ಮಾತಿನ ಗದ್ದಲದಲ್ಲಿ ನಿಜವಾದ ತೊಂದರೆಗಳು ಮುಚ್ಚಿಹೋಗುತ್ತಿವೆ ಎನ್ನುವುದೇ ನನ್ನ ದೂರು.

ಮೊದಲನೆಯದು ಬೆಳಕು. ಇಂಗ್ಲೆಂಡಿನ ಜೋಡಿಮನೆಗಳಲ್ಲಿ ಎರಡು ಮನೆಗಳ ನಡುವೆ ಇರುವುದು ಒಂದೊಂದು ಕಾರು ಹೋಗುವಷ್ಟು ದಾರಿ. ಅಡುಗೆಮನೆಯ ಕಿಟಕಿ ಹಲವು ಕಡೆ ಆ ದಾರಿಯತ್ತಲೇ ತೆರೆಯುತ್ತದೆ. ಕಟ್ಟಡಗಳ ಬೆಳಕನ್ನು ಅಳೆಯಲು ಅಲ್ಲಿನ ಯೋಜನಾಕಾರರು ಬಳಸುವ ಒಂದು ಪ್ರಾಥಮಿಕ ಪರೀಕ್ಷೆಯಿದೆ. ಕಿಟಕಿಯ ನಡುಬಿಂದುವಿನಿಂದ 25 ಡಿಗ್ರಿ ಕೋನದಲ್ಲಿ ಮೇಲಕ್ಕೆ ಗೆರೆ ಎಳೆದಾಗ ಎದುರಿನ ಕಟ್ಟಡ ಆ ಗೆರೆಯನ್ನು ಮೀರಿದರೆ ಬೆಳಕಿನ ವಿವರವಾದ ಪರಿಶೀಲನೆ ಬೇಕು ಎಂದರ್ಥ. ಇದನ್ನೇ ಕ್ಯಾರವಾನಿಗೆ ಹಚ್ಚಿ ನೋಡೋಣ. ಕಿಟಕಿಯ ನಡು ನೆಲದಿಂದ 1.5 ಮೀಟರ್ ಎತ್ತರದಲ್ಲಿದೆ, ಕ್ಯಾರವಾನಿನ ಎತ್ತರ 2.6 ಮೀಟರ್ ಎಂದುಕೊಂಡರೆ, ಕಿಟಕಿಗೂ ಕ್ಯಾರವಾನಿಗೂ ನಡುವೆ ಸುಮಾರು 2.4 ಮೀಟರ್ ಇರಬೇಕು. ಅದಕ್ಕಿಂತ ಹತ್ತಿರ ನಿಂತರೆ ಗೆರೆ ದಾಟಿತು. ಗಡಿಬೇಲಿಗೆ ಒತ್ತಿ ನಿಲ್ಲಿಸಿದ ಕ್ಯಾರವಾನುಗಳು ಎಷ್ಟೋ ಕಡೆ ಒಂದು ಮೀಟರಿನ ಅಂತರದಲ್ಲೂ ಇರುತ್ತವೆ. ನವೆಂಬರಿನಿಂದ ಫೆಬ್ರವರಿಯವರೆಗೆ ಸಂಜೆ ನಾಲ್ಕಕ್ಕೋ ಐದಕ್ಕೋ ಕತ್ತಲಾಗುವ ಆ ದೇಶದಲ್ಲಿ, ಕ್ಯಾರವಾನ್ ಅಲುಗಾಡದೆ ನಿಂತಿರುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. ಸಿಗುವ ಅಷ್ಟಿಷ್ಟು ಬೆಳಕಿಗೆ ಅಡ್ಡ ನಿಂತಾಗ ಮನೆಯೊಳಗಿನವರಿಗೆ ಆಗುವ ಖಿನ್ನತೆ ಸಣ್ಣದಲ್ಲ. ಹಗಲಿಡೀ ಮನೆಯಲ್ಲೇ ಇರುವ ವೃದ್ಧರಿಗೆ, ಬಾಣಂತಿಯರಿಗೆ, ಕಾಯಿಲೆಯವರಿಗೆ ಅದು ಇನ್ನೂ ದೊಡ್ಡದು.

ಕಾನೂನಿನಲ್ಲಿ ಬೆಳಕಿನ ಹಕ್ಕು ಎಂಬುದಿದೆ. 1832ರ ಪ್ರಿಸ್ಕ್ರಿಪ್ಷನ್ ಕಾಯ್ದೆಯ ಪ್ರಕಾರ ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಕಿಟಕಿಗೆ ಬಂದ ಬೆಳಕು ಹಕ್ಕಾಗುತ್ತದೆ. ಆದರೆ 1904ರಲ್ಲಿ, ಆಗ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅದಕ್ಕೆ ಮಿತಿ ಹಾಕಿತು: ಎಷ್ಟು ಬೆಳಕು ಹೋಯಿತು ಎಂಬುದಲ್ಲ, ಸಾಮಾನ್ಯ ಬದುಕಿಗೆ ಸಾಲುವಷ್ಟು ಉಳಿದಿದೆಯೆ ಎಂಬುದು ಪ್ರಶ್ನೆ. ಇವತ್ತು ಇದ್ದು ಜುಲೈನಲ್ಲಿ ಇರದ ವಾಹನವೊಂದರ ಮೇಲೆ ಈ ಹಕ್ಕನ್ನು ಸಾಧಿಸಲು ಹೊರಟರೆ ತಜ್ಞರಿಗೂ ವಕೀಲರಿಗೂ ಸುರಿಯುವ ಹಣದಲ್ಲಿ ಇನ್ನೊಂದು ಕ್ಯಾರವಾನ್ ಕೊಳ್ಳಬಹುದು.

ನೋಟಕ್ಕಂತೂ ಹಕ್ಕೇ ಇಲ್ಲ. 1610ರಲ್ಲಿ ನಾರ್ಫೋಕಿನ ಆಲ್ಡ್ರೆಡ್ ಎಂಬಾತ ಪಕ್ಕದವನ ಹಂದಿಗೂಡಿನ ಮೇಲೆ ಹೂಡಿದ ದಾವೆಯಲ್ಲಿ ನ್ಯಾಯಾಲಯ ದುರ್ವಾಸನೆಯನ್ನು ತಡೆಯಿತು. ಆದರೆ ಚಂದದ ನೋಟ ಬರೀ ಸಂತೋಷದ ವಿಷಯ, ಅಗತ್ಯದ್ದಲ್ಲ, ಅದಕ್ಕೆ ದಾವೆಯಿಲ್ಲ ಎಂದು ಅಲ್ಲೇ ಹೇಳಿತು. ನಾಲ್ಕು ನೂರು ವರ್ಷ ಕಳೆದರೂ ಅದು ಬದಲಾಗಿಲ್ಲ. 1997ರಲ್ಲಿ ಲಂಡನ್ನಿನ ಕೆನರಿ ವಾರ್ಫ್ ಗೋಪುರ ಸುತ್ತಲಿನ ಮನೆಗಳ ಟೀವಿ ಸಂಕೇತಕ್ಕೆ ಅಡ್ಡ ನಿಂತಾಗಲೂ ಹೌಸ್ ಆಫ್ ಲಾರ್ಡ್ಸ್ ಇದೇ ಹಾದಿಯಲ್ಲಿ ಹೋಯಿತು: ತನ್ನ ನೆಲದ ಮೇಲೆ ಕಟ್ಟಿ ನಿಲ್ಲಿಸಿದ್ದು ಅಡ್ಡ ಬಂದಿತೆಂಬುದೇ ನ್ಯೂಸೆನ್ಸ್ ಆಗದು. 2023ರಲ್ಲಿ ಟೇಟ್ ಮಾಡರ್ನ್ ಕಲಾಸಂಗ್ರಹಾಲಯದ ವೀಕ್ಷಣಾ ಕಟ್ಟೆಯಿಂದ ಸಾವಿರಾರು ಜನ ಎದುರಿನ ಗಾಜಿನ ಫ್ಲಾಟುಗಳೊಳಗೆ ಇಣುಕುತ್ತಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮೂರು–ಎರಡರ ಬಹುಮತದಿಂದ ಅದು ನ್ಯೂಸೆನ್ಸ್ ಎಂದಿತು. ಅಂದರೆ ನಿಮ್ಮನ್ನು ಎಡೆಬಿಡದೆ ದಿಟ್ಟಿಸಿದರೆ ಪರಿಹಾರವಿದೆ, ನಿಮ್ಮ ದೃಷ್ಟಿಗೆ ಅಡ್ಡ ನಿಂತರೆ ಇಲ್ಲ. ಖಾಲಿ ನಿಂತ ಕ್ಯಾರವಾನ್ ಯಾರನ್ನೂ ದಿಟ್ಟಿಸುವುದಿಲ್ಲ.

ಬೆಂಕಿಯ ಮಾತು ಜಗಳಗಳಲ್ಲಿ ಅಪರೂಪಕ್ಕೆ ಕೇಳುತ್ತದೆ. ಅದು ಮೊದಲು ಕೇಳಬೇಕಾದ ಮಾತು. ಕ್ಯಾರವಾನಿನ ಗೋಡೆ ತೆಳು, ಒಳಗೆಲ್ಲ ಪ್ಲೈವುಡ್ಡು, ಫೋಮು, ಬಟ್ಟೆ. ಮುಂತುದಿಯ ಪೆಟ್ಟಿಗೆಯಲ್ಲಿ ಗ್ಯಾಸ್ ಸಿಲಿಂಡರು. ಹತ್ತಿಕೊಂಡರೆ ನಿಮಿಷಗಳಲ್ಲಿ ಉರಿದುಹೋಗುತ್ತದೆ. ಪರವಾನಗಿ ಪಡೆದ ಕ್ಯಾರವಾನ್ ತಾಣಗಳಿಗೆ ಸರ್ಕಾರ ಕೊಟ್ಟಿರುವ ಮಾದರಿ ನಿಯಮದಲ್ಲಿ ಎರಡು ಕ್ಯಾರವಾನುಗಳ ನಡುವೆ 6 ಮೀಟರ್, ತಾಣದ ಗಡಿಯಿಂದ 3 ಮೀಟರ್ ಅಂತರವಿರಬೇಕು ಎಂದಿದೆ. ಒಂದರ ಬೆಂಕಿ ಇನ್ನೊಂದಕ್ಕೆ ಹತ್ತಬಾರದೆಂಬುದು ಇದರ ಮುಖ್ಯ ಉದ್ದೇಶ. ಅದೇ ಕ್ಯಾರವಾನ್ ಮನೆಯಂಗಳಕ್ಕೆ ಬಂದಾಗ ಪಕ್ಕದ ಮನೆಯ ಸೂರಿನ ಅಂಚಿನಿಂದ ಒಂದಡಿ ದೂರದಲ್ಲಿ ನಿಂತರೂ ಕೇಳುವವರಿಲ್ಲ. ತಾಣದಲ್ಲಿ ಮೂರು ದಿನ ತಂಗುವ ಪ್ರವಾಸಿಗೆ ಕೊಟ್ಟ ರಕ್ಷಣೆಯನ್ನು, ಅಂಗಳದ ಕ್ಯಾರವಾನಿನ ಪಕ್ಕದಲ್ಲಿ ವರ್ಷವಿಡೀ ಮಲಗುವ ಮನೆಯವರಿಗೆ ಏಕೆ ಕೊಟ್ಟಿಲ್ಲ ಎಂಬುದಕ್ಕೆ ನನಗೆ ಯಾವ ಸಮಾಧಾನವೂ ಕಾಣುವುದಿಲ್ಲ.

ಉಳಿದವನ್ನು ಬೇಗ ಹೇಳಿ ಮುಗಿಸಬಹುದು. ಮೂಲೆಮನೆಯ ಕ್ಯಾರವಾನ್ ಪಕ್ಕದವರು ಕಾರನ್ನು ಹಿಂದಕ್ಕೆ ತೆಗೆಯುವಾಗ ರಸ್ತೆ ಕಾಣದಂತೆ ಮರೆಮಾಡುತ್ತದೆ. ಇಬ್ಬರಿಗೂ ಸೇರಿದ ದಾರಿಯಲ್ಲಿ ನಿಲ್ಲಿಸಿದರೆ ಅದು ದಾರಿಯ ಹಕ್ಕಿನ ಉಲ್ಲಂಘನೆ, ಅಲ್ಲಿ ಪಕ್ಕದವರ ಪಕ್ಷ ಗಟ್ಟಿ. ರಸ್ತೆಯ ಮೇಲೆ ರಾತ್ರಿ ಬಿಡುವುದಾದರೆ ದೀಪ ಹಚ್ಚಿರಬೇಕೆಂದು ಹೆದ್ದಾರಿ ಸಂಹಿತೆ ಕಟ್ಟುನಿಟ್ಟಾಗಿ ಹೇಳುತ್ತದೆ. ಕ್ಯಾರವಾನ್ ನಿಲ್ಲಿಸಲೆಂದು ಮನೆ ಮುಂದಿನ ಹುಲ್ಲು ಕಿತ್ತು 5 ಚದರ ಮೀಟರಿಗಿಂತ ಹೆಚ್ಚು ಜಾಗಕ್ಕೆ ಕಾಂಕ್ರೀಟು ಹಾಕಿದರೆ, ನೀರು ಇಂಗುವ ವ್ಯವಸ್ಥೆ ಇಲ್ಲದಿದ್ದಲ್ಲಿ, 2008ರ ಅಕ್ಟೋಬರಿನಿಂದ ಅನುಮತಿ ಬೇಕು. ಕೊಳೆತು ನಿಂತ, ಯಾರೂ ನೋಡದ ಕ್ಯಾರವಾನನ್ನು ತೆರವು ಮಾಡಿಸಲು 1990ರ ಕಾಯ್ದೆಯ 215ನೆಯ ಸೆಕ್ಷನ್ನು ಕೌನ್ಸಿಲ್ಲಿಗೆ ಅಧಿಕಾರ ಕೊಡುತ್ತದೆ. ಬೀದಿಯ ಅಂದಕ್ಕೆ ಧಕ್ಕೆಯಾಗಿದೆ ಎಂದು ತೋರಿಸಿದರೆ ಸಾಕು.

ಪಕ್ಕದವರ ಕೈಯಲ್ಲಿರುವ ನಿಜವಾದ ಆಯುಧ ಕೌನ್ಸಿಲ್ಲಿನಲ್ಲಿಲ್ಲ, ಮನೆಯ ಹಕ್ಕುಪತ್ರದಲ್ಲಿದೆ. ಇಪ್ಪತ್ತನೆಯ ಶತಮಾನದಲ್ಲಿ, ಅದರಲ್ಲೂ ಮುಂದೆ ಬೇಲಿಯಿಲ್ಲದ ಹುಲ್ಲುಹಾಸಿನ ಬಡಾವಣೆಗಳು ಎದ್ದ ಕಾಲದಿಂದ, ಬಿಲ್ಡರುಗಳು ಕ್ರಯಪತ್ರದಲ್ಲೇ ಷರತ್ತು ಬರೆಸುತ್ತ ಬಂದಿದ್ದಾರೆ: ಈ ನಿವೇಶನದಲ್ಲಿ ಕ್ಯಾರವಾನು, ದೋಣಿ, ಟ್ರೈಲರು, ವ್ಯಾಪಾರದ ವಾಹನ ನಿಲ್ಲಿಸಬಾರದು. ಇಂಥ ಷರತ್ತು ಮೊದಲು ಕೊಂಡವನನ್ನು ಮಾತ್ರವಲ್ಲ, ಅವನಿಂದ ಕೊಂಡವನನ್ನೂ ಅವನ ನಂತರದವನನ್ನೂ ಕಟ್ಟುತ್ತದೆ. ಈ ತತ್ವಕ್ಕೆ ತಳಹದಿ 1848ರ ಟಲ್ಕ್ ಮತ್ತು ಮಾಕ್ಸೆ ಮೊಕದ್ದಮೆ. ಲಂಡನ್ನಿನ ಲೀಸ್ಟರ್ ಚೌಕದ ತೋಟವನ್ನು ತೋಟವಾಗಿಯೇ ಉಳಿಸುತ್ತೇನೆಂದು ಒಪ್ಪಿ ಒಬ್ಬ ಟಲ್ಕ್‌ನಿಂದ ಕೊಂಡಿದ್ದ. ಕೈಬದಲಾಗುತ್ತ ಅದು ಮಾಕ್ಸೆಯ ಕೈಗೆ ಬಂದಾಗ, ಷರತ್ತು ಗೊತ್ತಿದ್ದೂ ಅವನು ಅಲ್ಲಿ ಕಟ್ಟಡ ಎಬ್ಬಿಸಲು ಹೊರಟ. ತಿಳಿದು ಕೊಂಡವನು ಷರತ್ತಿಗೆ ಬದ್ಧ ಎಂದು ನ್ಯಾಯಾಲಯ ತಡೆಯಿತು. ಆ ಚೌಕದ ನಡುವೆ ಇಂದಿಗೂ ತೋಟವಿದೆ. ಈ ತತ್ವ ನಮಗೂ ಹೊಸದಲ್ಲ. ನಮ್ಮ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 40ನೆಯ ಸೆಕ್ಷನ್ನು ಇದೇ ತಿಳಿವಿನ ಮೇಲೆ ನಿಂತಿದೆ. ಅದೇ ವರ್ಷದ ನಮ್ಮ ಈಸ್‌ಮೆಂಟ್ ಕಾಯ್ದೆ ಕಿಟಕಿಯ ಬೆಳಕಿಗೆ ಇಪ್ಪತ್ತು ವರ್ಷದ ಲೆಕ್ಕವನ್ನೇ ಇಟ್ಟಿದೆ.

ಷರತ್ತು ಇದ್ದ ಮಾತ್ರಕ್ಕೆ ಗೆದ್ದಂತಲ್ಲ. ಅದರ ಲಾಭ ನಿಮ್ಮ ಜಾಗಕ್ಕೆ ಸಂದಿದೆ ಎಂದು ತೋರಿಸಬೇಕು. ಇಡೀ ಬಡಾವಣೆಗೆ ಒಂದೇ ಯೋಜನೆಯಡಿ ಒಂದೇ ಬಗೆಯ ಷರತ್ತು ಹಾಕಿದ್ದರೆ ಇದು ಸುಲಭ. ಬಿಲ್ಡರ್ ಒಬ್ಬನಿಗೇ ಲಾಭ ಉಳಿಸಿಕೊಂಡಿದ್ದರೆ, ಆ ಕಂಪನಿ ಮುಚ್ಚಿ ಮೂವತ್ತು ವರ್ಷವಾಗಿದ್ದರೆ ಕಷ್ಟ. ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ತಡೆಯಾಜ್ಞೆ ಕೇಳಿದರೆ ನ್ಯಾಯಾಧೀಶರು ಏಕೆ ಸುಮ್ಮನಿದ್ದಿರಿ ಎಂದು ಕೇಳುತ್ತಾರೆ. ಬೀದಿಯಲ್ಲಿ ಇನ್ನೂ ನಾಲ್ಕು ಕ್ಯಾರವಾನುಗಳು ನಿಂತಿದ್ದರೆ ಷರತ್ತಿನ ಹಲ್ಲು ಉದುರಿರುತ್ತದೆ. ಕ್ಯಾರವಾನಿನವರಿಗೂ ಒಂದು ದಾರಿಯಿದೆ: 1925ರ ಆಸ್ತಿ ಕಾನೂನಿನ 84ನೆಯ ಸೆಕ್ಷನ್ನಿನಡಿ ಮೇಲಿನ ನ್ಯಾಯಮಂಡಳಿಗೆ ಹೋಗಿ ಷರತ್ತನ್ನು ಸಡಿಲಿಸಲು ಕೇಳಬಹುದು. ಗಮನಿಸಬೇಕಾದದ್ದೆಂದರೆ, ಈ ಷರತ್ತಿನಿಂದ ಪಕ್ಕದವರಿಗೆ ಗಣನೀಯ ಬೆಲೆಯ ಅಥವಾ ಅನುಕೂಲದ ಲಾಭವಿದೆಯೆ ಎಂದು ನ್ಯಾಯಮಂಡಳಿ ಕೇಳುತ್ತದೆ. ಯೋಜನಾ ಕಚೇರಿಯಲ್ಲಿ ಬಾಗಿಲ ಹೊರಗೆ ನಿಂತ ಬೆಲೆಯ ಮಾತು ಇಲ್ಲಿ ಒಳಗೆ ಬರುತ್ತದೆ.

ಅಮೆರಿಕದಲ್ಲಿ ದಾರಿ ಇನ್ನೂ ಕಠಿಣ. ಅಲ್ಲಿನ ಹಲವು ಬಡಾವಣೆಗಳಲ್ಲಿ ಮನೆಮಾಲೀಕರ ಸಂಘಗಳದೇ ಆಡಳಿತ. ಆರ್‌ವಿ ಎಂದು ಕರೆಯುವ ದೊಡ್ಡ ವಾಹನಗಳನ್ನು ರಸ್ತೆಗೆ ಕಾಣುವಂತೆ ನಿಲ್ಲಿಸಬಾರದು, ಸಾಮಾನು ಹೇರಲು ಒಂದೆರಡು ದಿನ ಮಾತ್ರ ಬಿಡಬಹುದು ಎಂದೆಲ್ಲ ಬರೆದಿರುತ್ತಾರೆ, ಮೀರಿದರೆ ದಂಡ. ಎಷ್ಟೋ ನಗರಸಭೆಗಳೂ ಮನೆಯ ಮುಂಗೋಡೆಯ ಹಿಂದೆ ಮಾತ್ರ ನಿಲ್ಲಿಸಲು ಬಿಡುತ್ತವೆ. ಇಂಗ್ಲೆಂಡಿನದು ಒಂದು ತುದಿಯಾದರೆ ಇದು ಇನ್ನೊಂದು. ಹುಲ್ಲಿನ ಉದ್ದಕ್ಕೂ ದಂಡ ಹಾಕುವ ಸಂಘಗಳ ಕೈಗೆ ಬೀದಿಯನ್ನು ಕೊಟ್ಟರೆ ನೆರೆಹೊರೆಯ ಸಂಬಂಧವೇ ಪತ್ರವ್ಯವಹಾರವಾಗಿಬಿಡುತ್ತದೆ. ಅದು ನನಗೆ ಮಾದರಿಯಾಗಿ ಕಾಣುವುದಿಲ್ಲ.

ಕ್ಯಾರವಾನಿನವರ ಕಡೆಯ ನ್ಯಾಯವನ್ನೂ ಹೇಳಲೇಬೇಕು. ಅವರು ಮನೆಯಲ್ಲೇ ನಿಲ್ಲಿಸುವುದು ಪಕ್ಕದವರನ್ನು ಪೀಡಿಸಲಲ್ಲ. ಕಾವಲಿರುವ ತಾಣದಲ್ಲಿ ಇಟ್ಟರೆ ವರ್ಷಕ್ಕೆ ಕೆಲವು ನೂರು ಪೌಂಡ್ ಬಾಡಿಗೆ. ಹೋಟೆಲಿನ ದರ ಕೊಡಲಾಗದೆ ಕ್ಯಾರವಾನ್ ಕೊಂಡ ಕುಟುಂಬಕ್ಕೆ ಅದು ಒಂದು ವಾರದ ರಜೆಯ ಖರ್ಚು. ಚಳಿಗಾಲದಲ್ಲಿ ಒಳಗೆ ತೇವ ಹಿಡಿಯದಂತೆ ಆಗಾಗ ನೋಡಬೇಕು, ಬ್ಯಾಟರಿಗೆ ಚಾರ್ಜು ಬೇಕು. ಕಳ್ಳತನದ ಭಯವೂ ಇದೆ. ಆ ಭಯದಿಂದಲೇ 1992ರಲ್ಲಿ ಕ್ಯಾರವಾನುಗಳಿಗೆ ‘ಕ್ರಿಸ್’ ಎಂಬ ನೋಂದಣಿ ಪದ್ಧತಿ ಬಂತು, ಆಮೇಲೆ ಸಂಗ್ರಹ ತಾಣಗಳಿಗೆ ಭದ್ರತೆಯ ಮೇಲೆ ಚಿನ್ನ, ಬೆಳ್ಳಿ, ಕಂಚಿನ ದರ್ಜೆ ಕೊಡುವ ‘ಕಸೋವಾ’ ಎಂಬ ಸಂಘ ಹುಟ್ಟಿತು. ಗಾಲಿಕುರ್ಚಿಯ ಮಗುವಿರುವ ಮನೆಯವರು ತಮಗೆ ಬೇಕಾದಂತೆ ಮಾಡಿಸಿಕೊಂಡ ಕ್ಯಾರವಾನ್ ಅವರ ಪಾಲಿಗೆ ಪ್ರಪಂಚಕ್ಕೆ ಇರುವ ಒಂದೇ ಬಾಗಿಲಾಗಿರಬಹುದು. ಇವೆಲ್ಲ ತೂಕವಿರುವ ಕಾರಣಗಳು. ಮನೆಯಂಗಳದಲ್ಲಿ ಕ್ಯಾರವಾನನ್ನೇ ನಿಷೇಧಿಸಿ ಎಂದು ನಾನು ಹೇಳಲಾರೆ.

ಆದರೆ ಈಗಿನ ಸ್ಥಿತಿ ಹೀಗೇ ಮುಂದುವರಿಯಬಾರದು. ದಾರಿಗೆ ದೂರ ಹುಡುಕಬೇಕಿಲ್ಲ. ಲೇಲ್ಯಾಂಡಿ ಎಂಬ ಬೇಗ ಬೆಳೆಯುವ ನಿತ್ಯಹಸಿರಿನ ಬೇಲಿಮರಗಳಿಗಾಗಿ ಇಂಗ್ಲೆಂಡಿನ ನೆರೆಯವರು ದಶಕಗಳ ಕಾಲ ಕಚ್ಚಾಡಿದರು. ಆಗಲೂ ಕಾನೂನು ಅವು ಗಿಡಗಳು, ಕಟ್ಟಡವಲ್ಲ ಎಂದು ಕೈಚೆಲ್ಲಿತ್ತು. ಕೊನೆಗೆ 2003ರ ಸಮಾಜವಿರೋಧಿ ವರ್ತನೆ ಕಾಯ್ದೆಯ ಎಂಟನೆಯ ಭಾಗದಲ್ಲಿ ಎತ್ತರದ ಬೇಲಿಗಳಿಗೆ ಪರಿಹಾರ ಸಿಕ್ಕಿತು. ಎರಡು ಮೀಟರ್ ದಾಟಿದ ನಿತ್ಯಹಸಿರಿನ ಸಾಲು ಪಕ್ಕದವರ ನೆಮ್ಮದಿಗೆ ಅಡ್ಡವಾದರೆ, ಮೊದಲು ಮಾತಿನಲ್ಲಿ ಬಗೆಹರಿಸಲು ಯತ್ನಿಸಿದ ಮೇಲೆ, ಶುಲ್ಕ ಕಟ್ಟಿ ಕೌನ್ಸಿಲ್ಲಿಗೆ ದೂರು ಕೊಡಬಹುದು. ಕೌನ್ಸಿಲ್ ಎರಡೂ ಕಡೆಯನ್ನು ತೂಗಿ ಎಷ್ಟು ಕತ್ತರಿಸಬೇಕೆಂದು ಹೇಳುತ್ತದೆ. ಮರವನ್ನೇ ಕಡಿಸುವ ಅಧಿಕಾರ ಅದಕ್ಕಿಲ್ಲ. ಅಳತೆಯಿದೆ, ಮಾತುಕತೆಯ ಕಡ್ಡಾಯವಿದೆ, ಇಬ್ಬರಿಗೂ ಮಿತಿಯಿದೆ. ಕ್ಯಾರವಾನಿಗೂ ಇದೇ ಥರದ ನಿಯಮ ಬರಬೇಕು. ಎರಡು ಮೀಟರಿಗಿಂತ ಎತ್ತರದ ಕ್ಯಾರವಾನ್ ಪಕ್ಕದ ಮನೆಯ ವಾಸದ ಕೋಣೆಯ ಕಿಟಕಿಗೆ 25 ಡಿಗ್ರಿಯ ಗೆರೆ ಮೀರಿ ನಿಂತು, ವರ್ಷದಲ್ಲಿ ಇಂತಿಷ್ಟು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲೇ ಇದ್ದರೆ, ಕೌನ್ಸಿಲ್ ಅದನ್ನು ಸರಿಸಿ ನಿಲ್ಲಿಸಲು ಹೇಳುವಂತಾಗಬೇಕು. ಬೆಂಕಿಯ ಅಂತರಕ್ಕೆ ತಾಣಗಳ 3 ಮೀಟರನ್ನು ಜಾಗ ಇದ್ದಲ್ಲೆಲ್ಲ ಅನ್ವಯಿಸಬೇಕು. ಸಣ್ಣ ನಿವೇಶನದವರಿಗೆ ಜಾಗವೇ ಇಲ್ಲವಲ್ಲ ಎಂಬ ಆಕ್ಷೇಪ ನಿಜ. ಅಂಥಲ್ಲಿ ಕನಿಷ್ಠ ಗ್ಯಾಸ್ ಸಿಲಿಂಡರನ್ನು ಕಳಚಿ ಬೇರೆ ಇಡುವುದನ್ನಾದರೂ ಕಡ್ಡಾಯ ಮಾಡಬಹುದು.

ಕಾನೂನು ಬರುವವರೆಗೆ ಮಧ್ಯಸ್ಥಿಕೆಯ ದಾರಿಯಿದೆ. 2023ರ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ, ಮತ್ತೆ ಅದೇ ನಾಟ್‌ವೀಡ್ ಕಳೆಯ ಒಂದು ನೆರೆಜಗಳದಲ್ಲಿ, ದಾವೆಯನ್ನು ತಡೆಹಿಡಿದು ಕಕ್ಷಿದಾರರನ್ನು ಮಾತುಕತೆಗೆ ಕಳಿಸುವ ಅಧಿಕಾರ ನ್ಯಾಯಾಲಯಗಳಿಗಿದೆ ಎಂದು ಸ್ಪಷ್ಟಪಡಿಸಿತು. ಮಾತಾಡಿದವರ ನಡುವೆ ಸಾಮಾನ್ಯವಾಗಿ ಏರ್ಪಡುವ ಒಪ್ಪಂದಗಳು ಸರಳ: ಎರಡು ಮೀಟರ್ ಹಿಂದಕ್ಕೆ, ಕಿಟಕಿಗೆ ಅಡ್ಡಲಾಗದಂತೆ ತಿರುಗಿಸಿ, ಚಳಿಗಾಲದ ನಾಲ್ಕು ತಿಂಗಳು ತಾಣಕ್ಕೆ. ಇವಕ್ಕೆ ವಕೀಲರು ಬೇಕಿಲ್ಲ.

ರೆಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್‌ಗಳಂಥ ಊರುಗಳಲ್ಲಿ ಮನೆ ಕೊಳ್ಳುವ ಕನ್ನಡ ಕುಟುಂಬಗಳು ಈಗ ಕಡಿಮೆಯಿಲ್ಲ. ಅವರಲ್ಲಿ ನನ್ನ ವಿನಂತಿ ಇಷ್ಟೆ. ಅಡುಗೆಮನೆ, ಶಾಲೆ, ರೈಲು ನಿಲ್ದಾಣ ಎಲ್ಲವನ್ನೂ ನೋಡಿ, ಜೊತೆಗೆ ಭೂನೋಂದಣಿಯ ಪ್ರತಿಯಲ್ಲಿ ಷರತ್ತುಗಳ ಭಾಗವನ್ನು ಸಾಲಿಸಿಟರ್ ಹತ್ತಿರ ಕೂತು ಒಂದೊಂದಾಗಿ ಓದಿಸಿಕೊಳ್ಳಿ. ಟಿಎ6ನ ತಕರಾರಿನ ಪುಟಕ್ಕೆ ಬಂದ ಉತ್ತರ ಅಸ್ಪಷ್ಟವಾಗಿದ್ದರೆ ಮತ್ತೆ ಬರೆದು ಕೇಳಿ. ಮನೆಯನ್ನು ಬೇಸಿಗೆಯ ಒಂದು ಶನಿವಾರ ಮಾತ್ರ ನೋಡಿ ಮುಂಗಡ ಕೊಡಬೇಡಿ. ಬೇಸಿಗೆಯಲ್ಲಿ ಕ್ಯಾರವಾನ್ ಊರಲ್ಲಿರುವುದಿಲ್ಲ. ನೀವೇ ಕ್ಯಾರವಾನ್ ಕೊಳ್ಳುವವರಾದರೆ, ಅದು ಮನೆಗೆ ಬರುವ ಮೊದಲೇ ಪಕ್ಕದ ಮನೆಯ ಬಾಗಿಲು ತಟ್ಟಿ, ಎಲ್ಲಿ ನಿಲ್ಲಿಸಿದರೆ ಅವರ ಕಿಟಕಿಗೆ ಅಡ್ಡವಾಗುವುದಿಲ್ಲ ಎಂದು ಅವರನ್ನೇ ಕೇಳಿ.